ಟೇಕಾಫ್: ರನ್‌ವೇ ಸುರಕ್ಷತೆ ಮತ್ತು ಪೈಲಟ್‌ನ ನಿರ್ಧಾರ

ವಿಮಾನ ರನ್‌ವೇಯಲ್ಲಿ ಓಟ ಆರಂಭಿಸಿದ ಗಳಿಗೆಯಿಂದ ನೆಲ ಬಿಟ್ಟು ಸುರಕ್ಷಿತ ಎತ್ತರ ಮುಟ್ಟುವವರೆಗಿನ ಹಂತವೇ ಟೇಕಾಫ್. ದೊಡ್ಡ ಪ್ರಯಾಣಿಕ ವಿಮಾನದ ನೆಲದ ಮೇಲಿನ ಓಟ ಸಾಮಾನ್ಯವಾಗಿ ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಏನಾದರೂ ಕೆಟ್ಟರೆ ಪೈಲಟ್ ಎದುರಿಗೆ ಎರಡೇ ದಾರಿ: ಉಳಿದಿರುವ ರನ್‌ವೇಯಲ್ಲಿ ನಿಲ್ಲಿಸುವುದು, ಇಲ್ಲವೇ ಆ ತೊಂದರೆಯನ್ನು ಹೊತ್ತುಕೊಂಡೇ ಮೇಲೇರಿ ಮತ್ತೆ ಬಂದು ಇಳಿಯುವುದು. ಕೂತು ಯೋಚಿಸಲು ಸಮಯವಿರುವುದಿಲ್ಲ. ಆದ್ದರಿಂದ ಈ ನಿರ್ಧಾರದ ಬಹುಪಾಲು ಬ್ರೇಕ್ ಬಿಡುವ ಮೊದಲೇ ಆಗಿರಬೇಕು. ಟೇಕಾಫ್ ಅಪಘಾತಗಳ ತನಿಖಾ ವರದಿಗಳನ್ನು ಓದುತ್ತ ಹೋದರೆ ಹಲವು ಪ್ರಕರಣಗಳಲ್ಲಿ ತಪ್ಪು ಹುಟ್ಟಿದ್ದು ಓಟದ ನಡುವೆ ಅಲ್ಲ, ಅದಕ್ಕೆ ಮುಂಚಿನ ಕೆಲವು ನಿಮಿಷಗಳಲ್ಲಿ ಎಂಬುದು ಕಾಣುತ್ತದೆ. ತೂಕದ ಅಂಕಿ ನಮೂದಿಸುವಾಗ, ಟ್ಯಾಕ್ಸಿವೇಯ ತಿರುವಿನಲ್ಲಿ ಅಥವಾ ರೇಡಿಯೊ ಮಾತನ್ನು ಕಿವಿಗೆ ಹಾಕಿಕೊಳ್ಳುವಾಗ ಅದು ನುಸುಳಿರುತ್ತದೆ.

ಮೂರು ವೇಗಗಳು

ಪ್ರತಿ ಹಾರಾಟಕ್ಕೂ ಪೈಲಟ್‌ಗಳು ಮೂರು ವೇಗಗಳನ್ನು ಹೊಸದಾಗಿ ಲೆಕ್ಕ ಹಾಕುತ್ತಾರೆ. ಮೊದಲನೆಯದು ವಿ-1, ಅಂದರೆ ನಿರ್ಧಾರದ ವೇಗ. ಎರಡನೆಯದು ವಿ-ಆರ್, ಮೂತಿ ಎತ್ತುವ ವೇಗ. ಮೂರನೆಯದು ವಿ-2, ಒಂದು ಎಂಜಿನ್ ನಿಂತುಹೋದರೂ ಸುರಕ್ಷಿತವಾಗಿ ಮೇಲೇರಲು ಬೇಕಾದ ವೇಗ. ವಿಮಾನದ ತೂಕ, ಗಾಳಿಯ ದಿಕ್ಕು, ಉಷ್ಣಾಂಶ, ರನ್‌ವೇಯ ಉದ್ದ, ಇಳಿಜಾರು, ಒದ್ದೆಯೋ ಒಣಗಿದೆಯೋ ಎಂಬುದು, ಫ್ಲ್ಯಾಪ್‌ಗಳ ಸ್ಥಾನ, ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ಕರಾವಳಿಗಿಂತ ತೆಳು. ಅದೇ ತೂಕದ ವಿಮಾನ ಇಲ್ಲಿ ಹೆಚ್ಚು ದೂರ ಓಡಬೇಕಾಗುತ್ತದೆ, ಬೇಸಿಗೆಯ ಮಧ್ಯಾಹ್ನ ಇನ್ನೂ ಹೆಚ್ಚು. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು 4000 ಮೀಟರ್ ಉದ್ದವಿರುವುದರಿಂದ ಅಲ್ಲಿ ಅದು ದೊಡ್ಡ ತೊಡಕಾಗುವುದಿಲ್ಲ. ಮೈಸೂರಿನ 1740 ಮೀಟರ್‌ನ ರನ್‌ವೇಗೆ ಎಟಿಆರ್‌ನಂಥ ಸಣ್ಣ ವಿಮಾನಗಳೇ ಹೊಂದುತ್ತವೆ.

ಈ ಮೂರರಲ್ಲಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ವಿ-1ರ ಬಗ್ಗೆ. ಆ ವೇಗ ಬಂದಾಗ ಯೋಚಿಸಲು ತೊಡಗಬೇಕು ಎಂದು ಹಲವರು ಭಾವಿಸುತ್ತಾರೆ. ನಿಯಮ ಹೇಳುವುದು ಬೇರೆ. ನಿಲ್ಲಿಸುವುದಾದರೆ ವಿ-1 ತಲುಪುವಷ್ಟರಲ್ಲಿ ಪೈಲಟ್‌ನ ಮೊದಲ ಕ್ರಿಯೆ, ಅಂದರೆ ಬ್ರೇಕ್ ಒತ್ತುವುದೋ ಎಂಜಿನ್ ಬಲ ಇಳಿಸುವುದೋ, ಆಗಿಬಿಟ್ಟಿರಬೇಕು. ವಿ-1 ದಾಟಿದ ಮೇಲೆ ಒಂದು ಎಂಜಿನ್ ಕೈಕೊಟ್ಟರೂ ವಿಮಾನ ಉಳಿದ ಬಲದಿಂದ ಮೇಲೇರಬಲ್ಲದು. ಒಣ ರನ್‌ವೇಯಾದರೆ, ಲೆಕ್ಕ ಹಾಕಿದ ಟೇಕಾಫ್ ದೂರ ಮುಗಿಯುವಷ್ಟರಲ್ಲಿ 35 ಅಡಿ ಎತ್ತರದಲ್ಲಿರುತ್ತದೆ. 150 ನಾಟ್ ವೇಗದ ವಿಮಾನ ಗಂಟೆಗೆ ಸುಮಾರು 278 ಕಿಲೋಮೀಟರ್ ಓಡುತ್ತದೆ. ಎಂದರೆ ಸೆಕೆಂಡಿಗೆ 77 ಮೀಟರ್. ಎರಡು ಸೆಕೆಂಡು ಅನುಮಾನಿಸಿದರೆ 150 ಮೀಟರ್‌ಗಿಂತ ಹೆಚ್ಚು ರನ್‌ವೇ ಹಿಂದೆ ಹೋಗಿರುತ್ತದೆ.

ಬ್ರೇಕ್‌ಗಳ ಪಾಲು ಇಲ್ಲಿ ದೊಡ್ಡದು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80 ನಾಟ್‌ನಲ್ಲಿ ನಿಲ್ಲಿಸುವುದಕ್ಕೂ 160 ನಾಟ್‌ನಲ್ಲಿ ನಿಲ್ಲಿಸುವುದಕ್ಕೂ ನಡುವೆ ನಾಲ್ಕು ಪಟ್ಟು ಶಕ್ತಿಯ ಅಂತರವಿದೆ. ಅದರ ಬಹುಪಾಲು ಶಾಖವಾಗಿ ಬ್ರೇಕ್‌ಗಳಿಗೆ ಇಳಿಯುತ್ತದೆ. ಚಕ್ರಗಳಲ್ಲಿರುವ ಕರಗುವ ಬಿರಡೆಗಳು ಶಾಖ ಮಿತಿಮೀರಿದಾಗ ಕರಗಿ, ಟೈರ್ ಸಿಡಿಯದಂತೆ ಗಾಳಿಯನ್ನು ಹೊರಬಿಡುತ್ತವೆ. ಹೊಸ ಮಾದರಿಯ ವಿಮಾನಕ್ಕೆ ಪ್ರಮಾಣಪತ್ರ ಕೊಡುವ ಮುನ್ನ ಸವೆದ ಬ್ರೇಕ್‌ಗಳನ್ನೇ ಹಾಕಿ, ಗರಿಷ್ಠ ತೂಕದಲ್ಲಿ ಓಡಿಸಿ ನಿಲ್ಲಿಸಿ ನೋಡುತ್ತಾರೆ. ನಿಂತ ಮೇಲೆ ಐದು ನಿಮಿಷ ಅಗ್ನಿಶಾಮಕ ದಳ ಹತ್ತಿರ ಸುಳಿಯಬಾರದು. ಅಷ್ಟು ಹೊತ್ತು ಬ್ರೇಕ್‌ನ ಬಿಸಿ ವಿಮಾನಕ್ಕೆ ಅಪಾಯ ತರಬಾರದೆಂಬುದು ಷರತ್ತು.

ನಿಲ್ಲುವುದೋ, ಹೋಗುವುದೋ

ಕಾಕ್‌ಪಿಟ್‌ನಲ್ಲಿ ಇದು ನಡೆಯುವ ಕ್ರಮವನ್ನು ತುಸು ಹತ್ತಿರದಿಂದ ನೋಡಬೇಕು. ಬಹುತೇಕ ಕಂಪನಿಗಳಲ್ಲಿ ವಿಮಾನ ಓಡಿಸುತ್ತಿರುವವರು ಸಹ ಪೈಲಟ್ ಆಗಿದ್ದರೂ ನಿಲ್ಲಿಸುವ ಅಧಿಕಾರ ಕ್ಯಾಪ್ಟನ್‌ದೇ. ಬಲ ಹೊಂದಿಸಿದ ಮೇಲೆ ಕ್ಯಾಪ್ಟನ್‌ನ ಕೈ ಎಂಜಿನ್ ಲಿವರ್‌ಗಳ ಮೇಲೆ ಬರುತ್ತದೆ. ಓಟವನ್ನು ಗಮನಿಸುತ್ತಿರುವ ಪೈಲಟ್ 80 ಅಥವಾ 100 ನಾಟ್ ಆದಾಗ ಗಟ್ಟಿಯಾಗಿ ಹೇಳುತ್ತಾರೆ. ಎರಡೂ ಬದಿಯ ವೇಗಮಾಪಕಗಳು ಒಂದೇ ಅಂಕಿ ತೋರಿಸುತ್ತಿವೆಯೇ ಎಂಬ ತಾಳೆಯೂ ಆಗಲೇ ನಡೆಯುತ್ತದೆ. ವಿ-1 ಎಂಬ ಕೂಗು ಬಿದ್ದೊಡನೆ ಕ್ಯಾಪ್ಟನ್ ಲಿವರ್‌ಗಳಿಂದ ಕೈ ತೆಗೆಯುತ್ತಾರೆ. ಇನ್ನು ನಿಲ್ಲಿಸುವ ಮಾತಿಲ್ಲ ಎಂಬುದನ್ನು ತನ್ನ ಕೈಗೂ ಪಕ್ಕದವರಿಗೂ ತಿಳಿಸುವ ಈ ಚಿಕ್ಕ ಚಲನೆ, ನನ್ನ ಎಣಿಕೆಯಲ್ಲಿ, ವೈಮಾನಿಕ ಶಿಸ್ತಿನ ಅತ್ಯುತ್ತಮ ಕಲ್ಪನೆಗಳಲ್ಲೊಂದು.

80 ಅಥವಾ 100 ನಾಟ್‌ನ ಗಡಿಯೊಳಗೆ ಸಣ್ಣ ಎಚ್ಚರಿಕೆಯ ದೀಪಕ್ಕೂ ನಿಲ್ಲಿಸಬಹುದು. ಆ ಗಡಿ ದಾಟಿದ ಮೇಲೆ ಕಾರಣಗಳ ಪಟ್ಟಿ ಚಿಕ್ಕದಾಗುತ್ತದೆ: ಎಂಜಿನ್ ವೈಫಲ್ಯ, ಬೆಂಕಿ, ಮುಂದೆ ಗಾಳಿಯ ಹಠಾತ್ ಪಲ್ಲಟವಿದೆ ಎಂಬ ಎಚ್ಚರಿಕೆ, ವಿಮಾನ ಹಾರಲಾರದು ಎಂಬ ಬಲವಾದ ಅನುಮಾನ. ಟೈರ್ ಸಿಡಿದ ಸದ್ದು, ಕಂಪನ, ಬಾಗಿಲಿನ ಸೂಚಕ ದೀಪ, ಇಂಥವುಗಳಿಗೆ ಆಗ ನಿಲ್ಲಿಸಬಾರದು.

ಈ ಪಾಠ ಅನುಭವದಿಂದ ಬಂದದ್ದು. ಬೋಯಿಂಗ್ ಹಾಗೂ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಮುಂತಾದವರು ಸೇರಿ 1990ರ ದಶಕದಲ್ಲಿ ಸಿದ್ಧಪಡಿಸಿದ ತರಬೇತಿ ಕೈಪಿಡಿಯ ಅಂದಾಜಿನಂತೆ ಸುಮಾರು 3000 ಟೇಕಾಫ್‌ಗಳಲ್ಲಿ ಒಂದನ್ನು ಪೈಲಟ್‌ಗಳು ಕೈಬಿಡುತ್ತಾರೆ. ಅವುಗಳಲ್ಲಿ ಮುಕ್ಕಾಲು ಪಾಲು 80 ನಾಟ್‌ನೊಳಗೇ ಆಗಿಹೋಗುವುದರಿಂದ ಪ್ರಯಾಣಿಕರಿಗೆ ವಿಳಂಬವಲ್ಲದೆ ಬೇರೇನೂ ತಟ್ಟುವುದಿಲ್ಲ. ಆದರೆ ನಿಲ್ಲಿಸಲು ಹೋಗಿ ರನ್‌ವೇ ದಾಟಿ ಅಪಘಾತವಾದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವಿ-1 ಕಳೆದ ಮೇಲೆ ಬ್ರೇಕ್ ಹಾಕಿದವು. ಎಂಜಿನ್ ಬಲ ಕಳೆದುಕೊಂಡ ಪ್ರಕರಣಗಳು ಅವುಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಮಾತ್ರ.

2008ರ ಸೆಪ್ಟೆಂಬರ್ 19ರ ರಾತ್ರಿ ಅಮೆರಿಕದ ಸೌತ್ ಕರೊಲಿನಾದ ಕೊಲಂಬಿಯಾದಲ್ಲಿ ಲಿಯರ್‌ಜೆಟ್ 60 ವಿಮಾನದ ಟೈರ್‌ಗಳು ಓಟದ ನಡುವೆ ಸಿಡಿದವು. ಅವುಗಳಲ್ಲಿ ಗಾಳಿ ಬಹಳ ಕಡಿಮೆಯಿತ್ತೆಂದು ತನಿಖೆಯಲ್ಲಿ ತಿಳಿಯಿತು. ವಿ-1 ದಾಟಿದ್ದರೂ ಕ್ಯಾಪ್ಟನ್ ನಿಲ್ಲಿಸಲು ತೀರ್ಮಾನಿಸಿದರು. ಟೈರ್‌ನ ಚೂರುಗಳು ಬಡಿದು ಚಕ್ರದ ಬಳಿಯ ವ್ಯವಸ್ಥೆ ಹಾಳಾಗಿದ್ದರಿಂದ ಹಿಮ್ಮುಖ ಬಲ ಕೇಳಿದಾಗ ಎಂಜಿನ್‌ಗಳು ಮುಂದಕ್ಕೇ ನೂಕಿದವು. ವಿಮಾನ ರಸ್ತೆ ದಾಟಿ ದಿಬ್ಬಕ್ಕೆ ಬಡಿದು ಉರಿಯಿತು. ಆರು ಜನರಲ್ಲಿ ನಾಲ್ವರು ಸತ್ತರು.

ಇದಕ್ಕೆ ತೀರ ವಿರುದ್ಧವಾದ ಪ್ರಕರಣ 2017ರ ಮಾರ್ಚ್ 8ರದ್ದು. ಮಿಷಿಗನ್‌ನ ವಿಲೋ ರನ್ ನಿಲ್ದಾಣದಲ್ಲಿ ವಿಶ್ವವಿದ್ಯಾಲಯವೊಂದರ ಬಾಸ್ಕೆಟ್‌ಬಾಲ್ ತಂಡವನ್ನು ಹೊತ್ತ ಎಂಡಿ-83 ವಿಮಾನ ಓಟ ತೆಗೆಯಿತು. ಆ ದಿನ ಬಿರುಗಾಳಿ. ನಿಲ್ಲಿಸಿಟ್ಟಿದ್ದಾಗಲೇ ಗಾಳಿಯ ಹೊಡೆತಕ್ಕೆ, ಮೂತಿ ಎತ್ತಿಳಿಸುವ ಬಾಲದ ಎಲಿವೇಟರ್ ಸಿಕ್ಕಿಕೊಂಡಿತ್ತು. ಹಾರಾಟದ ಮುಂಚಿನ ತಪಾಸಣೆಯಲ್ಲಿ ಅದು ಗೊತ್ತಾಗುವಂತಿರಲಿಲ್ಲ. ವಿ-1 ಕೂಗಿ ಆಯಿತು, ಮೂತಿ ಎತ್ತುವ ಕೂಗೂ ಆಯಿತು. ಕ್ಯಾಪ್ಟನ್ ನಿಯಂತ್ರಣ ದಂಡವನ್ನು ಎಳೆದರು, ಮೂತಿ ಏಳಲಿಲ್ಲ. ಇನ್ನಷ್ಟು ಎಳೆದರೂ ಏಳಲಿಲ್ಲ. ತಕ್ಷಣ ಅವರು ನಿಲ್ಲಿಸುವ ನಿರ್ಧಾರ ಮಾಡಿದರು. ಬಲಗಡೆ ಕೂತಿದ್ದವರು ಅವರಿಗೆ ತರಬೇತಿ ಕೊಡುತ್ತಿದ್ದ ಹಿರಿಯ ಪೈಲಟ್. ವಿ-1 ದಾಟಿದ ಮೇಲೆ ನಿಲ್ಲಿಸುವುದೇ ಎಂದು ಅವರು ಅಡ್ಡಬಂದು ಹಿಡಿತ ಕಸಿದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ವಿಮಾನ ರನ್‌ವೇ ದಾಟಿ ಹೊಲದಂಥ ಬಯಲಿಗೆ ನುಗ್ಗಿ ಜಖಂಗೊಂಡಿತು. ಒಳಗಿದ್ದ 116 ಜನರೂ ಬದುಕಿದರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಇಬ್ಬರನ್ನೂ ಮೆಚ್ಚಿಕೊಂಡಿತು. ವಿ-1ರ ನಿಯಮ ವಿಮಾನ ಹಾರಬಲ್ಲದು ಎಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಯೇ ಕುಸಿದಾಗ ನಿಯಮವೂ ಬದಲಾಗುತ್ತದೆ ಎಂಬುದನ್ನು ಕೆಲವೇ ಸೆಕೆಂಡುಗಳಲ್ಲಿ ಗುರುತಿಸಿದ್ದು ಆ ಕ್ಯಾಪ್ಟನ್‌ನ ಹಿರಿಮೆ.

ಪೈಲಟ್ ಎಷ್ಟೇ ನಿಪುಣನಾದರೂ ಉಳಿಯದ ಸಂದರ್ಭಗಳೂ ಇವೆ. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ವಿಮಾನದ ಟೈರ್, ಮುಂಚೆ ಹಾರಿದ್ದ ಬೇರೊಂದು ವಿಮಾನದಿಂದ ಉದುರಿದ ಲೋಹದ ಪಟ್ಟಿಯ ಮೇಲೆ ಹರಿದು ಛಿದ್ರವಾಯಿತು. ಚೂರು ಬಡಿದು ಇಂಧನ ಟ್ಯಾಂಕ್ ಒಡೆದು ಬೆಂಕಿ ಹೊತ್ತಿಕೊಂಡಾಗ ವಿ-1 ಕಳೆದಿತ್ತು. ನೆಲದ ಮೇಲಿದ್ದ ನಾಲ್ವರೂ ಸೇರಿ 113 ಜನ ತೀರಿಕೊಂಡರು. ಅಲ್ಲಿ ಉಳಿವಿನ ದಾರಿ ಇದ್ದದ್ದು ರನ್‌ವೇ ಗುಡಿಸುವುದರಲ್ಲಿ, ತಪಾಸಣೆಯಲ್ಲಿ. 2025ರ ಜೂನ್ 12ರ ಅಹಮದಾಬಾದ್ ದುರಂತವನ್ನು ಕೂಡ ಈ ಚರ್ಚೆಯಿಂದ ಬೇರೆಯಾಗಿ ನೋಡಬೇಕು. ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಕಡಿತದ ಸ್ಥಾನಕ್ಕೆ ಸರಿದವೆಂದು ಭಾರತದ ಅಪಘಾತ ತನಿಖಾ ಬ್ಯೂರೊದ ಪ್ರಾಥಮಿಕ ವರದಿ ದಾಖಲಿಸಿದೆ. ಅಲ್ಲಿ ನಿಲ್ಲುವ, ಹೋಗುವ ಆಯ್ಕೆ ಆಗಲೇ ಮುಗಿದಿತ್ತು.

ಪಕ್ಕದವರ ಮಾತು

1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲಾರಿಡಾದ ಬೋಯಿಂಗ್ 737ರ ರೆಕ್ಕೆಗಳ ಮೇಲೆ ಹಿಮ ಕಟ್ಟಿತ್ತು. ಎಂಜಿನ್‌ನ ಹಿಮನಿರೋಧಕವನ್ನು ಹಾಕಿರಲಿಲ್ಲ. ಎಂಜಿನ್ ಮುಂಭಾಗದ ಒತ್ತಡದ ನಳಿಕೆ ಹೆಪ್ಪುಗಟ್ಟಿದ್ದರಿಂದ ಮಾಪಕ ಇದ್ದದ್ದಕ್ಕಿಂತ ಹೆಚ್ಚು ಬಲ ತೋರಿಸುತ್ತಿತ್ತು. ವಿಮಾನ ಓಡಿಸುತ್ತಿದ್ದ ಸಹ ಪೈಲಟ್‌ಗೆ ಏನೋ ಸರಿಯಿಲ್ಲ ಅನ್ನಿಸಿತು. ಓಟದ ನಡುವೆ ಮತ್ತೆ ಮತ್ತೆ ಹೇಳಿದರು. ಎಲ್ಲ ಸರಿಯಾಗಿದೆ ಎಂದು ಕ್ಯಾಪ್ಟನ್ 80 ನಾಟ್ ಕೂಗಿದರು. ಮಾಮೂಲಿಗಿಂತ ಹದಿನೈದು ಸೆಕೆಂಡು ಹೆಚ್ಚು ಓಡಿ ಮೇಲೆದ್ದ ವಿಮಾನ ಪೊಟೊಮ್ಯಾಕ್ ನದಿಯ ಸೇತುವೆಗೆ ಬಡಿದು ನೀರಿಗೆ ಬಿತ್ತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು. ಮಾಪಕದ ಅನುಮಾನ ಕಿವಿಗೆ ಬಿದ್ದಾಗಲೇ ಕ್ಯಾಪ್ಟನ್ ನಿಲ್ಲಿಸದಿದ್ದುದನ್ನು ತನಿಖಾ ಮಂಡಳಿ ಕಾರಣಗಳಲ್ಲಿ ಸೇರಿಸಿತು. ಅನುಮಾನ ಹುಟ್ಟಿದ್ದು ಕಡಿಮೆ ವೇಗದಲ್ಲಿ. ಆಗ ನಿಲ್ಲಿಸಿದ್ದರೆ ಆಗುತ್ತಿದ್ದ ನಷ್ಟ ತುಸು ಹೊತ್ತಿನ ತಡ ಅಷ್ಟೇ.

ಅದಕ್ಕೂ ಐದು ವರ್ಷ ಹಿಂದೆ, 1977ರ ಮಾರ್ಚ್ 27ರಂದು, ಟೆನೆರೀಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣದಲ್ಲಿ ವಿಮಾನಯಾನ ಚರಿತ್ರೆಯ ಅತ್ಯಂತ ಘೋರ ಅಪಘಾತ ನಡೆದಿತ್ತು. ಗ್ರಾನ್ ಕನೇರಿಯಾ ನಿಲ್ದಾಣದಲ್ಲಿ ಬಾಂಬ್ ಸ್ಫೋಟವಾಗಿ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ತಿರುಗಿದ್ದವು. ಟ್ಯಾಕ್ಸಿವೇ ತುಂಬಿದ್ದರಿಂದ ರನ್‌ವೇಯಲ್ಲೇ ವಿಮಾನಗಳನ್ನು ಹಿಂದಕ್ಕೆ ನಡೆಸಬೇಕಾಯಿತು. ದಟ್ಟ ಮಂಜಿನಲ್ಲಿ ಟವರ್‌ಗೆ ವಿಮಾನ ಕಾಣುತ್ತಿರಲಿಲ್ಲ, ಒಂದು ವಿಮಾನಕ್ಕೆ ಇನ್ನೊಂದೂ ಕಾಣುತ್ತಿರಲಿಲ್ಲ. ನೆಲದ ರೇಡಾರ್ ಇರಲಿಲ್ಲ. ಕೆಎಲ್‌ಎಂ ಕಂಪನಿಯ 747ಕ್ಕೆ ಮೇಲೇರಿದ ಮೇಲಿನ ಹಾದಿಯ ಅನುಮತಿ ಬಂದಿತ್ತು. ಟೇಕಾಫ್‌ನ ಅನುಮತಿ ಬಂದಿರಲಿಲ್ಲ. ಸಹ ಪೈಲಟ್ ಹಾದಿಯ ಅನುಮತಿಯನ್ನು ಮರುಹೇಳುತ್ತಿದ್ದಂತೆ ಕ್ಯಾಪ್ಟನ್ ಓಟ ಆರಂಭಿಸಿಯಾಗಿತ್ತು. ಕಾಯಿರಿ ಎಂಬ ಟವರ್‌ನ ಮಾತು, ತಾವಿನ್ನೂ ರನ್‌ವೇಯಲ್ಲೇ ಇದ್ದೇವೆಂಬ ಪ್ಯಾನ್ ಆಮ್ 747ರ ಮಾತು, ಎರಡೂ ಒಂದೇ ಗಳಿಗೆಯಲ್ಲಿ ರೇಡಿಯೊದಲ್ಲಿ ಬೆರೆತು ಕೀರಲು ಸದ್ದಾಯಿತು. ಆಗ ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್, ಪ್ಯಾನ್ ಆಮ್‌ನವರು ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದರು. ಕ್ಯಾಪ್ಟನ್ ಒತ್ತಿ ಹೇಳಿದ ಉತ್ತರದಿಂದ ಆ ಪ್ರಶ್ನೆ ಅಲ್ಲಿಗೇ ಮುಗಿಯಿತು. 583 ಜನ ಸತ್ತರು. ಬದುಕಿದ 61 ಮಂದಿಯೂ ಪ್ಯಾನ್ ಆಮ್‌ನವರು.

ಆ ಕ್ಯಾಪ್ಟನ್ ಸಾಮಾನ್ಯನಲ್ಲ, ಕಂಪನಿಯ 747 ಪೈಲಟ್‌ಗಳಿಗೆ ಗುರು. ಹಿರಿತನವೇ ಪ್ರಶ್ನೆಯನ್ನು ಅಡಗಿಸಿತೆಂಬ ಅರಿವಿನಿಂದ ಕಾಕ್‌ಪಿಟ್ ಸಿಬ್ಬಂದಿಯ ಸಹಕಾರದ ತರಬೇತಿಗೆ ದೊಡ್ಡ ಒತ್ತು ಸಿಕ್ಕಿತು. ಕಿರಿಯರು ಅನುಮಾನವನ್ನು ಸ್ಪಷ್ಟವಾಗಿ ಹೇಳುವುದು, ಹಿರಿಯರು ಅದನ್ನು ತಡೆಯದೆ ಕೇಳುವುದು, ಎರಡನ್ನೂ ಈಗ ಕಲಿಸುತ್ತಾರೆ. ರೇಡಿಯೊ ಭಾಷೆಯೂ ಬಿಗಿಯಾಯಿತು. ಟೇಕಾಫ್ ಎಂಬ ಪದವನ್ನು ಅನುಮತಿ ಕೊಡುವಾಗ, ಅದನ್ನು ಮರುಹೇಳುವಾಗ ಮತ್ತು ರದ್ದು ಮಾಡುವಾಗ ಮಾತ್ರ ಬಳಸಬೇಕು. ಬೇರೆಡೆಯೆಲ್ಲ ನಿರ್ಗಮನ ಎನ್ನಬೇಕು. ಗುರುಹಿರಿಯರಿಗೆ ಎದುರು ಮಾತಾಡಬಾರದೆಂದು ಕಲಿತು ಬೆಳೆದ ನಮ್ಮಂಥ ಸಮಾಜಗಳಲ್ಲಿ ಈ ತರಬೇತಿಗೆ ಇನ್ನೂ ಹೆಚ್ಚಿನ ಶ್ರಮ ಬೇಕು.

ತಪ್ಪು ಅಂಕಿ, ತಪ್ಪು ರನ್‌ವೇ

2009ರ ಮಾರ್ಚ್ 20ರಂದು ಮೆಲ್ಬರ್ನ್‌ನಲ್ಲಿ ಎಮಿರೇಟ್ಸ್‌ನ ಎ340 ವಿಮಾನದ ತೂಕವನ್ನು ಲ್ಯಾಪ್‌ಟಾಪ್‌ಗೆ ನಮೂದಿಸುವಾಗ 362.9 ಟನ್ ಬದಲು 262.9 ಟನ್ ಎಂದಾಯಿತು. ಒಂದೇ ಅಂಕಿಯ ತಪ್ಪು. ನೂರು ಟನ್ ಕಾಣೆಯಾಯಿತು. ಅದಕ್ಕೆ ತಕ್ಕಂತೆ ಕಡಿಮೆ ಬಲ, ಕಡಿಮೆ ವೇಗಗಳು ಲೆಕ್ಕಕ್ಕೆ ಬಂದವು. ಬಾಲ ರನ್‌ವೇಗೆ ಉಜ್ಜಿತು, ವಿಮಾನ ಏಳಲಿಲ್ಲ. ಕೊನೆಯಲ್ಲಿ ಕ್ಯಾಪ್ಟನ್ ಪೂರ್ಣ ಬಲ ಕೊಟ್ಟಿದ್ದರಿಂದ ಅದು ಹೇಗೋ ಮೇಲೆದ್ದು 275 ಜನರೊಂದಿಗೆ ಸುರಕ್ಷಿತವಾಗಿ ಮರಳಿತು. 2004ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಹಿಂದಿನ ಹಾರಾಟದ ತೂಕ ಲೆಕ್ಕಕ್ಕೆ ಬಂದು ಸರಕು ವಿಮಾನವೊಂದು ಬಿದ್ದು ಏಳು ಜನ ಸತ್ತಿದ್ದರು. ಇಬ್ಬರೂ ಪೈಲಟ್‌ಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುವ ಪದ್ಧತಿಗೆ ಬಲ ಬಂದದ್ದು ಇಂಥ ಪ್ರಕರಣಗಳಿಂದ.

ರನ್‌ವೇಯನ್ನೇ ತಪ್ಪಿದವರೂ ಇದ್ದಾರೆ. 2000ದ ಅಕ್ಟೋಬರ್ 31ರಂದು ತೈಪೆಯಲ್ಲಿ ಚಂಡಮಾರುತದ ಮಳೆಯ ನಡುವೆ ಸಿಂಗಪುರ ಏರ್‌ಲೈನ್ಸ್‌ನ 747, ದುರಸ್ತಿಗೆಂದು ಮುಚ್ಚಿದ್ದ ಪಕ್ಕದ ರನ್‌ವೇಯಲ್ಲಿ ಓಡಿ ಅಲ್ಲಿದ್ದ ಯಂತ್ರಗಳಿಗೆ ಬಡಿಯಿತು. 179 ಜನರಲ್ಲಿ 83 ಮಂದಿ ಸತ್ತರು. 2006ರ ಆಗಸ್ಟ್ 27ರ ನಸುಕಿನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ 7003 ಅಡಿಯ ರನ್‌ವೇ ಬದಲು 3500 ಅಡಿಯ ದೀಪವಿಲ್ಲದ ರನ್‌ವೇ ಹಿಡಿದ ವಿಮಾನದಲ್ಲಿ ಸಹ ಪೈಲಟ್ ಒಬ್ಬರ ಹೊರತು ಉಳಿದ 49 ಜನರೂ ತೀರಿಕೊಂಡರು. ಓಟ ಆರಂಭಿಸುವ ಮುನ್ನ ದಿಕ್ಸೂಚಿಯ ಅಂಕಿಯನ್ನು ರನ್‌ವೇಯ ಸಂಖ್ಯೆಯೊಂದಿಗೆ ತಾಳೆ ನೋಡುವುದಕ್ಕೆ ಎರಡು ಸೆಕೆಂಡು ಸಾಕು.

ರನ್‌ವೇಯಲ್ಲಿ ಇನ್ನೊಬ್ಬರು

ಇಳಿಯಲು, ಏರಲು ಮೀಸಲಾದ ಜಾಗದಲ್ಲಿ ಇರಬಾರದ ವಿಮಾನ, ವಾಹನ ಅಥವಾ ವ್ಯಕ್ತಿ ಇರುವುದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ರನ್‌ವೇ ಅತಿಕ್ರಮಣ ಎಂದು ಕರೆಯುತ್ತದೆ. 2001ರ ಅಕ್ಟೋಬರ್ 8ರಂದು ಮಿಲಾನ್‌ನ ಲಿನಾಟೆಯಲ್ಲಿ ಮಂಜಿನಲ್ಲಿ ದಾರಿ ತಪ್ಪಿದ ಸಣ್ಣ ಜೆಟ್, ಟೇಕಾಫ್ ಮಾಡುತ್ತಿದ್ದ ಎಸ್‌ಎಎಸ್ ವಿಮಾನದ ಅಡ್ಡಕ್ಕೆ ಬಂದು 118 ಜನ ಸತ್ತರು. ಅಲ್ಲಿ ನೆಲದ ರೇಡಾರ್ ಕೆಲಸ ಮಾಡುತ್ತಿರಲಿಲ್ಲ.

ಬೆಂಗಳೂರಿನಲ್ಲಿ 2022ರ ಜನವರಿಯಲ್ಲಿ ನಡೆದದ್ದು ಕೂದಲೆಳೆಯ ಪಾರು. ಅಂದು ಉತ್ತರ ರನ್‌ವೇಯಿಂದ ನಿರ್ಗಮನ, ದಕ್ಷಿಣ ರನ್‌ವೇಗೆ ಆಗಮನ ಎಂಬ ವ್ಯವಸ್ಥೆಯಿತ್ತು. ಒಂದೇ ರನ್‌ವೇ ಬಳಸಲು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿ ದಕ್ಷಿಣದ್ದನ್ನು ಮುಚ್ಚಿಸಿದರು. ಆ ಸುದ್ದಿ ದಕ್ಷಿಣ ಟವರ್‌ನ ನಿಯಂತ್ರಕರಿಗೆ ತಲುಪಲಿಲ್ಲ. ಕೋಲ್ಕತ್ತಕ್ಕೆ ಹೊರಟ ವಿಮಾನ ಮತ್ತು ಭುವನೇಶ್ವರಕ್ಕೆ ಹೊರಟ ವಿಮಾನ ಎರಡೂ ಬೇರೆ ಬೇರೆ ಟವರ್‌ಗಳ ಅನುಮತಿ ಪಡೆದು, ಎರಡು ರನ್‌ವೇಗಳಿಂದ ಬಹುತೇಕ ಒಟ್ಟಿಗೇ ಮೇಲೆದ್ದು ಒಂದರತ್ತ ಒಂದು ಸಾಗತೊಡಗಿದವು. ರೇಡಾರ್ ನಿಯಂತ್ರಕರು ಅದನ್ನು ಗಮನಿಸಿ ಎರಡನ್ನೂ ಬೇರೆ ದಿಕ್ಕಿಗೆ ತಿರುಗಿಸಿದರು. 400ಕ್ಕೂ ಹೆಚ್ಚು ಪ್ರಯಾಣಿಕರಿದ್ದರು. ಎರಡೂ ಕಾಕ್‌ಪಿಟ್‌ಗಳಲ್ಲಿದ್ದ ಪೈಲಟ್‌ಗಳು ತಮಗೆ ಬಂದ ಅನುಮತಿಯಂತೆಯೇ ನಡೆದುಕೊಂಡಿದ್ದರು. ಪೈಲಟ್‌ನ ನಿರ್ಧಾರ ಸರಿಯಿದ್ದೂ ಟೇಕಾಫ್ ಅಪಾಯಕಾರಿಯಾಗಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

2024ರ ಜನವರಿ 2ರಂದು ಟೋಕಿಯೊದ ಹಾನೆಡಾದಲ್ಲಿ ನೋಟೊ ಭೂಕಂಪದ ಪರಿಹಾರ ಸಾಮಗ್ರಿ ಒಯ್ಯಲಿದ್ದ ಕರಾವಳಿ ಕಾವಲು ಪಡೆಯ ವಿಮಾನ ಅನುಮತಿ ಇಲ್ಲದೆ ರನ್‌ವೇಗೆ ಬಂದು ನಿಂತಿತು. ನಿರ್ಗಮನದ ಸರದಿಯಲ್ಲಿ ನೀವು ಮೊದಲಿಗರು ಎಂದು ನಿಯಂತ್ರಕರು ಹೇಳಿದ್ದರು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಎ350 ಅದಕ್ಕೆ ಬಡಿದು ಎರಡೂ ಹೊತ್ತಿ ಉರಿದವು. ಸಣ್ಣ ವಿಮಾನದ ಆರು ಜನರಲ್ಲಿ ಐವರು ಸತ್ತರು. ದೊಡ್ಡ ವಿಮಾನದ 379 ಜನರೂ ಪಾರಾದರು.

ರನ್‌ವೇ ಮುಗಿದ ಮೇಲೆ

ರನ್‌ವೇಯ ಆಚೆಗೆ ವಿಮಾನ ನುಗ್ಗಿದರೂ ಜನ ಬದುಕುವಂತಿರಬೇಕು ಎಂಬುದಕ್ಕೆ ತುದಿಯ ಸುರಕ್ಷತಾ ಪ್ರದೇಶವಿದೆ. ದೊಡ್ಡ ರನ್‌ವೇಗಳಿಗೆ ಅದು ಕನಿಷ್ಠ 90 ಮೀಟರ್ ಇರಲೇಬೇಕೆಂದೂ 240 ಮೀಟರ್ ಇದ್ದರೆ ಒಳಿತೆಂದೂ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಜಾಗವಿಲ್ಲದ ಕಡೆ, ಚಕ್ರದ ಭಾರಕ್ಕೆ ಪುಡಿಯಾಗಿ ವಿಮಾನವನ್ನು ಹಿಡಿದು ನಿಲ್ಲಿಸುವ ಹಗುರ ಕಾಂಕ್ರೀಟಿನ ಹಾಸನ್ನು ಹಾಕುತ್ತಾರೆ. ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದಲ್ಲಿ 1996ರಲ್ಲಿ ಅದನ್ನು ಮೊದಲು ಅಳವಡಿಸಲಾಯಿತು.

ಕನ್ನಡಿಗರಿಗೆ ಈ ಮಾತು ಮಂಗಳೂರಿನ ಬಜ್ಪೆಯ ನೆನಪನ್ನು ತರದೆ ಇರದು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ಮಂಗಳೂರಿನ 2450 ಮೀಟರ್‌ನ ರನ್‌ವೇಯಲ್ಲಿ ಬಹಳ ಮುಂದೆ ನೆಲ ಮುಟ್ಟಿತು. ಅದು ಟೇಕಾಫ್ ಅಲ್ಲ, ಲ್ಯಾಂಡಿಂಗ್. ಆದರೂ ಅದರ ಕೊನೆಯ ಗಳಿಗೆ ಈ ವಿಷಯಕ್ಕೇ ಸೇರಿದ್ದು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ನೆಲ ಮುಟ್ಟುವ ಮೊದಲೇ ಒತ್ತಾಯಿಸಿದ್ದರು, ಕ್ಯಾಪ್ಟನ್ ಕೇಳಲಿಲ್ಲ. ನೆಲ ಮುಟ್ಟಿ, ಹಿಮ್ಮುಖ ಬಲ ಹಾಕಿ, ಬ್ರೇಕ್ ಒತ್ತಿದ ಮೇಲೆ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಟೇಕಾಫ್‌ಗೆ ಯತ್ನಿಸಿದರು. ಹಿಮ್ಮುಖ ಬಲ ಹಾಕಿದ ಮೇಲೆ ನಿಲ್ಲಿಸಲೇಬೇಕು ಎಂಬುದು ಬೋಯಿಂಗ್‌ನ ನಿಯಮ. ಬ್ರೇಕ್ ಬಿಡದೆ ಇದ್ದಿದ್ದರೆ ಸಮತಟ್ಟಾದ ಜಾಗದಲ್ಲೇ ವಿಮಾನ ನಿಲ್ಲುವ ಸಾಧ್ಯತೆಯಿತ್ತೆಂದು ತನಿಖಾ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಬಲರೆಕ್ಕೆ ಕಾಂಕ್ರೀಟ್ ಕಟ್ಟೆಗೆ ಬಡಿದು, ವಿಮಾನ ಕಣಿವೆಗೆ ಉರುಳಿ 158 ಜನ ಸತ್ತರು, ಎಂಟು ಮಂದಿ ಉಳಿದರು.

ಅಪ್ಪಟ ಟೇಕಾಫ್ ದುರಂತವೊಂದು ನೆರೆಯ ಮಹಾರಾಷ್ಟ್ರದ್ದು. 1993ರ ಏಪ್ರಿಲ್ 26ರ ಮಧ್ಯಾಹ್ನ ಔರಂಗಾಬಾದ್‌ನಲ್ಲಿ 118 ಜನರಿದ್ದ ಇಂಡಿಯನ್ ಏರ್‌ಲೈನ್ಸ್‌ನ 737 ತಡವಾಗಿ ಮೂತಿ ಎತ್ತಿತು. ರನ್‌ವೇಯಾಚೆಗಿನ ಬೀಡ್ ರಸ್ತೆಯಲ್ಲಿ ಹತ್ತಿಯ ಮೂಟೆ ಹೇರಿಕೊಂಡು ಹೋಗುತ್ತಿದ್ದ ಲಾರಿಗೆ ಅದು ತಗುಲಿತು. ಮುಂದೆ ವಿದ್ಯುತ್ ತಂತಿಗಳಿಗೂ ಸಿಕ್ಕಿ ಬಿದ್ದ ವಿಮಾನದಲ್ಲಿ 55 ಜನ ತೀರಿಕೊಂಡರು. ಪೈಲಟ್‌ಗಳ ತಪ್ಪಿನ ಜೊತೆಗೆ, ವಿಮಾನ ಹಾರುವ ಹೊತ್ತಿನಲ್ಲಿ ಆ ರಸ್ತೆಯ ಸಂಚಾರ ತಡೆಯದ ನಿಲ್ದಾಣದ ಆಡಳಿತವನ್ನೂ ತನಿಖೆ ಹೊಣೆ ಮಾಡಿತು. ಹಾಗೆ ಹೊಣೆ ಹಂಚಿದ್ದು ನ್ಯಾಯ. ಪೈಲಟ್‌ನ ತಪ್ಪು ಎಂದು ಬರೆದು ಕಡತ ಮುಚ್ಚಿದರೆ ರಸ್ತೆ, ಕಟ್ಟೆ, ಕಣಿವೆ ಎಲ್ಲ ಇದ್ದಲ್ಲೇ ಇರುತ್ತವೆ.

ಟೇಕಾಫ್ ಕೈಬಿಟ್ಟು ವಿಮಾನ ನಿಂತ ಮೇಲೂ ಅಪಾಯ ಮುಗಿಯದಿರಬಹುದು. 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್‌ನಲ್ಲಿ ಪ್ರಯಾಣಿಕ ವಿಮಾನವೊಂದರ ಎಂಜಿನ್ ಸಿಡಿದಾಗ ಕ್ಯಾಪ್ಟನ್ ತಡಮಾಡದೆ ಟೇಕಾಫ್ ಕೈಬಿಟ್ಟು, ರನ್‌ವೇಯಿಂದ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರು. ಆದರೂ ಬೆಂಕಿ ಮತ್ತು ಹೊಗೆಗೆ 55 ಜನ ಬಲಿಯಾದರು. ಹಾನೆಡಾದಲ್ಲಿ ಎಂಟು ಬಾಗಿಲುಗಳಲ್ಲಿ ಮೂರನ್ನು ಮಾತ್ರ ಬಳಸಲು ಸಾಧ್ಯವಾಗಿಯೂ ಎಲ್ಲರೂ ಹೊರಬಂದದ್ದಕ್ಕೆ ಸಿಬ್ಬಂದಿಯ ಶಿಸ್ತಿನಷ್ಟೇ ಪ್ರಯಾಣಿಕರ ನಡತೆಯೂ ಕಾರಣ. ಮುಂದಿನ ಸಲ ನಿಮ್ಮ ವಿಮಾನ ಓಟದ ನಡುವೆ ಬ್ರೇಕ್ ಹಾಕಿ ನಿಂತರೆ ಕ್ಯಾಪ್ಟನ್ ಮೇಲೆ ರೇಗಬೇಡಿ. ಸಿಬ್ಬಂದಿ ಇಳಿಯಿರಿ ಎಂದರೆ ಬ್ಯಾಗು ಅಲ್ಲೇ ಬಿಟ್ಟು ಇಳಿಯಿರಿ.